ಮಾರೋ ಮಾತಿನ ನಡುವೆ ಅಂಗಡಿಗೆ ಹೋದದ್ದು

ಮೂಡಿಗೆರೆ ಹತ್ತಿರ ನಮ್ಮದೊಂದು ಪುಟ್ಟ ರೊಬಸ್ಟಾ ತೋಟ ಇದೆ. ‘ನೀನು ಬೆಂಗಳೂರು ಬಿಟ್ಟು ಬರಲ್ಲ, ನನ್ನ ಕೈಲಿ ಆಗ್ತಿಲ್ಲ. ಕೊಟ್ಟುಬಿಡೋಣ್ವಾ?’ ಅಂತ ಅಪ್ಪ ಫೋನಲ್ಲಿ ಕೇಳಿದ ವಾರವೇ ಊರಿಗೆ ಹೋದೆ. ಮಾರ್ಚ್ ತಿಂಗಳು. ಮಳೆ ಬಿದ್ದು 8-9 ದಿನ ಆಗಿತ್ತು. ಹೂವಾಗಿ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ.

ಮಾರೋ ಮಾತು ಎತ್ತೋಕೆ ಇಬ್ಬರಿಗೂ ಮನಸ್ಸಿರಲಿಲ್ಲ. ‘ನಡಿ, ಅಂಗಡಿಗೆ ಹೋಗಿ ಬರೋಣ’ ಅಂದ್ರು ಅಪ್ಪ. ಸಾಮಾನು ತರೋ ಅಂಗಡಿ ಅಲ್ಲ, ಊರಿನ ಹೆಸರೇ ಅಂಗಡಿ. ನಮ್ಮ ತಾಲ್ಲೂಕಿನದ್ದೇ. ಹಳೇ ಹೆಸರು ಸೊಸೆವೂರು, ಹೊಯ್ಸಳರ ಮೂಲ ನೆಲೆ. ಮೇಲೆರಗಿದ ಹುಲಿಯನ್ನು ಸಳ ಹೊಡೆದ ಕಥೆ ನಡೆದದ್ದು ಇಲ್ಲಿನ ವಾಸಂತಿಕಾ ದೇವಿ ಗುಡಿಯ ಬಳಿ ಅಂತ ಪ್ರತೀತಿ.

ಗೆಳೆಯರ ಜೊತೆ ಬೇಲೂರಿಗೆ ನಾಲ್ಕು ಸಲ ಹೋಗಿದ್ದೀನಿ, 1117ರ ಚೆನ್ನಕೇಶವ ದೇವಾಲಯದ ಮುಂದೆ ಸೆಲ್ಫಿ ತಗೊಂಡಿದ್ದೀನಿ. ಮನೆ ಹತ್ತಿರದ ಅಂಗಡಿಗೆ ಮಾತ್ರ ಇದೇ ಮೊದಲು! ಹಸಿರಿನ ಮಧ್ಯೆ ಹಳೇ ಜೈನ ಬಸದಿಗಳು. ಗದ್ದಲವಿಲ್ಲ, ಗೈಡ್‌ಗಳಿಲ್ಲ.

‘ರಾಜರು ಬೇಲೂರು, ಹಳೇಬೀಡು ಅಂತ ಹೊರಟುಹೋದ್ರು. ದೇವಿಗೆ ದೀಪ ಹಚ್ಚೋರು ಇಲ್ಲೇ ಉಳಿದ್ರು’ ಅಂದ್ರು ಅಪ್ಪ. ನನ್ನ ಚುಚ್ಚೋಕೆ ಹೇಳಿದ್ದಲ್ಲ. ಆದ್ರೂ ಚುಚ್ಚಿತು.

ವಾಪಸ್ ಬರುವಾಗ ದೊಡ್ಡ ಮಾತೇನೂ ಕೊಡಲಿಲ್ಲ. ‘ಈ ಸಲ ಹಣ್ಣು ಕುಯ್ಲಿಗೆ ರಜೆ ಹಾಕಿ ಬರ್ತೀನಿ. ಅಲ್ಲೀವರೆಗೆ ಮಾರೋದು ಬೇಡ’ ಅಂದೆ, ಅಷ್ಟೇ.

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಕಾಶ ನೋಡಿದ್ರು. ‘ಇನ್ನು 15-20 ದಿನದಲ್ಲಿ ಮತ್ತೊಂದು ಮಳೆ ಬರ್ಬೇಕು. ಬಂದ್ರೆ ಕಾಯಿ ಕಟ್ಟುತ್ತೆ.’