ರೇಡರೋ, ಕಾರ್ನರೋ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಮಳೆಯ ಬಗ್ಗೆ ಯಾರೂ ವಾದ ಮಾಡುವುದಿಲ್ಲ. ಬರುವುದಿಲ್ಲ ಎಂಬುದರಲ್ಲಿ ಎಲ್ಲರಿಗೂ ಸಹಮತವಿದೆ. ಹಾಗಾಗಿ ವಾದಕ್ಕೆ ಬೇರೆ ವಿಷಯ ಹುಡುಕಿಕೊಳ್ಳಬೇಕಾಗುತ್ತದೆ. ಬನ್ನಿ ಹಂಚಿ ಮುಗಿಸಿ ದೀಪಾವಳಿಯ ದಾರಿ ಕಾಯುವ ದಿನಗಳಲ್ಲಿ ಉಮದಿಯ ಕಡೆಯ ನಮ್ಮೂರಿಗೆ ಬಂದು ನೋಡಿ. ದ್ರಾಕ್ಷಿಯವರಿಗೆ ಬಳ್ಳಿ ಸವರುವ ಛಾಟಣಿಯ ಗಡಿಬಿಡಿ, ದಾಳಿಂಬೆಯವರಿಗೆ ಟ್ಯಾಂಕರಿನ ಚಿಂತೆ. ಆದರೂ ಸಂಜೆಯಾದರೆ ಚಹಾದಂಗಡಿಯ ಕಟ್ಟೆಯ ಮೇಲೆ ಎಲ್ಲರೂ ಒಂದೇ ಪ್ರಶ್ನೆಗೆ ಹೆಗಲು ಕೊಡುತ್ತಾರೆ. ಈ ಸಲದ ಕಬಡ್ಡಿ ಲಿಲಾವಿನಲ್ಲಿ ಮೊದಲು ರೇಡರನನ್ನು ಹಿಡಿಯುವುದೋ, ಮೂಲೆಯಲ್ಲಿ ನಿಂತು ಅವನನ್ನು ಕೆಡವುವ ಕಾರ್ನರನನ್ನು ಹಿಡಿಯುವುದೋ?

ಲಿಲಾವು ಎಂದರೆ ದೊಡ್ಡ ಹೋಟೆಲಿನ ಲಿಲಾವಲ್ಲ, ನಮ್ಮ ಕನ್ನಡ ಶಾಲೆಯ ಅಂಗಳದ್ದು. ಪ್ರತಿ ತಂಡಕ್ಕೂ ಹತ್ತು ಸಾವಿರ ಪಾಯಿಂಟು. ಕೈಗೆ ರೊಕ್ಕ ಸಿಗುವುದಿಲ್ಲ, ಬರೇ ಪಾಯಿಂಟು. ಮಾಲಕರೆಂದರೆ ಔಷಧದ ಅಂಗಡಿಯವರು (ಬೆಳೆಯ ಔಷಧ, ಮನುಷ್ಯರದ್ದಲ್ಲ), ಬೋರ್‌ವೆಲ್ ಏಜೆಂಟರು, ಬೇದಾಣೆ (ಒಣದ್ರಾಕ್ಷಿ) ವ್ಯಾಪಾರಿಗಳು. ಜರ್ಸಿ ಹೊಲಿಸುವುದು, ಪಂದ್ಯದ ದಿನ ತತ್ತಿ ತಿನ್ನಿಸುವುದು, ಸೋತ ದಿನ ಬಯ್ಯುವುದು ಅವರ ಜವಾಬ್ದಾರಿ. ಘೋಷಣೆ ಮರಾಠಿಯಲ್ಲಿ, ಕೂಗು ಕನ್ನಡದಲ್ಲಿ, ಬೈಗುಳ ಎರಡರಲ್ಲೂ. ಹೆಸರು ಮಾರಾಟವಾದ ಕೂಡಲೇ ಶಾಲೆಯ ಗಂಟೆ ಬಾರಿಸುತ್ತೇವೆ. ಆ ಸದ್ದಿಗೆ ಓಣಿಯ ಸಣ್ಣ ಹುಡುಗರು ಮನೆಗೆ ಓಡಲು ಹೊರಡುತ್ತಾರೆ.

ಗಂಟೆ ಬಾರಿಸುವವನು, ಪಾಯಿಂಟಿನ ಲೆಕ್ಕ ಬರೆಯುವವನು ನಾನೇ. ಮಾಸ್ತರಿಕೆ ಮಾಡಿದವನಿಗೆ ಇಂಥ ಕೆಲಸ ತಾನಾಗಿಯೇ ಬಂದು ತಗಲುತ್ತದೆ. ಚಿಕ್ಕಂದಿನಲ್ಲಿ ನಮ್ಮ ಆಯ್ಕೆಯ ಪದ್ಧತಿ ಬೇರೆ ಇತ್ತು. ಇಬ್ಬರು ನಾಯಕರು. ಉಳಿದವರು ಸರಿಸಾಟಿ ನೋಡಿ ಇಬ್ಬಿಬ್ಬರಾಗಿ ಜಾಲಿಗಿಡದ ಮರೆಗೆ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಹೆಗಲ ಮೇಲೆ ಕೈ ಹಾಕಿ ಬರುವುದು. "ಹುಲಿ ಬೇಕೋ, ಸಿಂಹ ಬೇಕೋ?" ನಾಯಕ ಹುಲಿ ಅಂದರೆ ಹುಲಿ ಅತ್ತ, ಸಿಂಹ ಇತ್ತ. ಯಾರಿಗೆ ಯಾರು ಬಿದ್ದರೆಂದು ಜಗಳವಿಲ್ಲ, ಯಾರ ಬೆಲೆ ಎಷ್ಟೆಂಬ ಮಾತೇ ಇಲ್ಲ. ಜೋಡಿ ಸಿಗದೆ ಉಳಿದ ಒಬ್ಬನೇ ಒಬ್ಬ ಸಣಕಲ ಹುಡುಗನನ್ನು ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಯಾವುದೋ ಕಡೆಗೆ ತಳ್ಳುತ್ತಿದ್ದರು. ಅವನೇ ಈಗ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇರಲಿ. ವಾದಕ್ಕೆ ಬರೋಣ.

ಹುಡುಗರ ಪಕ್ಷ ರೇಡರನದು. ಕಟಿಂಗ್ ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಇವತ್ತಿಗೂ ಕಾಶಿಲಿಂಗ ಆಡಕೆಯ ಮಾಸಿದ ಚಿತ್ರವಿದೆ. ನಮ್ಮ ಸಾಂಗಲಿ ಜಿಲ್ಲೆಯದೇ ಕಾಸೇಗಾವದ ಹುಡುಗ, ದಿಲ್ಲಿ ತಂಡದ ಅಂಗಿ ತೊಟ್ಟು ಟಿವಿಯಲ್ಲಿ ಒಬ್ಬನೇ ಎದುರಿನ ಏಳು ಮಂದಿಯ ಅಂಗಳಕ್ಕೆ ನುಗ್ಗುತ್ತಿದ್ದುದನ್ನು ನೋಡಿಯೇ ಇವರೆಲ್ಲ ತೊಡೆ ತಟ್ಟಲು ಕಲಿತದ್ದು. "ಪಾಯಿಂಟ್ ತರಾಂವ ರೇಡರ. ಅಂವ ಇಲ್ಲಂದ್ರ ಉಳದ ಆರು ಮಂದಿ ಅಂಗಳದಾಗ ನಿಂತು ಏನ್ ಸುಗ್ಗಿ ಮಾಡ್ತಾರ?" ಎಂದು ಅವರ ಪ್ರಶ್ನೆ. ಪುರಾವೆಯೂ ಸಿದ್ಧವಿದೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್. ಗುಜರಾತಿನ ಎದುರು ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ಪು ಕೊಡಿಸಿದ. ಅದಕ್ಕೂ ಮೊದಲು 2017ರಲ್ಲಿ ಪ್ರದೀಪ್ ನರವಾಲ್ ಒಂದೇ ಹಂಗಾಮಿಗೆ 369 ರೇಡ್ ಪಾಯಿಂಟ್ ಗುಡ್ಡೆ ಹಾಕಿದ, ಪಾಟ್ನಾಕ್ಕೆ ಸಾಲಾಗಿ ಮೂರನೆಯ ಕಪ್ಪು. ಈ ಅಂಕಿಗಳನ್ನು ನಮ್ಮ ಹುಡುಗರು ಮಗ್ಗಿಗಿಂತ ಚೆನ್ನಾಗಿ ಹೇಳುತ್ತಾರೆ. ಹದಿಮೂರರ ಮಗ್ಗಿ ಕಲಿಸಲು ಸೋತ ನನಗೆ ಇದು ಚೆನ್ನಾಗಿ ಗೊತ್ತು.

ಇದಿರು ಪಕ್ಷದ ನಾಯಕ ಕಿರಾಣಿ ಅಂಗಡಿಯ ಕಾಕಾ. ಒಂದು ಕಾಲದಲ್ಲಿ ಎಡಗಾರ್ನರಿಗೆ ನಿಂತು ಆಡಿದವರು, ಮೊಣಕಾಲು ಕೊಟ್ಟವರು. ಅವರಿಗೆ ರೇಡರ್ ಎಂದರೆ ಮದುವೆ ಮನೆಯ ವರ, ಎಲ್ಲರೂ ನೋಡುವುದು ಅವನನ್ನೇ, ಒಲೆಯ ಮುಂದೆ ಬೆವರುವವರು ಬೇರೆ. "ಅಂವನ ಆಟ ಮೂವತ್ತ ಸೆಕೆಂಡ. ಆಮ್ಯಾಲ ಎದುರಿನಾಂವ ಬರ್ತಾನಲ್ಲ, ಅಂವನ್ನ ಹಿಡಿಯೋರು ಯಾರು, ನಿನ್ನ ಸ್ಟೇಟಸ್ ಫೋಟೋ?" ಕಾಕಾನ ಬಳಿಯೂ ದಾಖಲೆಗಳಿವೆ. ಅದೇ ಪವನ್‌ನನ್ನು 2022ರಲ್ಲಿ ತಮಿಳ್ ತಲೈವಾಸ್ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು, ಇಡೀ ಹಂಗಾಮು ಹೊರಗೆ. (ಇಲ್ಲಿ ಕಾಕಾ ತಮ್ಮ ಮೊಣಕಾಲನ್ನು ಒಮ್ಮೆ ಸವರಿಕೊಳ್ಳುತ್ತಾರೆ.) ಮರುವರ್ಷ ತೆಲುಗು ಟೈಟನ್ಸ್ ಐದು ಕೋಟಿಯ ಗಂಟಿನಲ್ಲಿ 2 ಕೋಟಿ 60 ಲಕ್ಷದ 50 ಸಾವಿರ, ಅಂದರೆ ಅರ್ಧಕ್ಕಿಂತ ಹೆಚ್ಚು, ಅವನೊಬ್ಬನ ಮೇಲೆಯೇ ಸುರಿಯಿತು. ಪವನ್ ಚೆನ್ನಾಗಿಯೇ ಆಡಿದ. ಆದರೆ ತಂಡ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ತಳದಲ್ಲಿ ಕೂತಿತು. 2014ರ ಮೊದಲ ಲಿಲಾವಿನಲ್ಲಿ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್‌ನ ಬೆಲೆ 12 ಲಕ್ಷ 80 ಸಾವಿರವಿತ್ತು ಎಂದು ಕಾಕಾ ನೆನಪಿಸುವಾಗ ಅವರ ದನಿಯಲ್ಲಿ, ಬಂಗಾರ ಅಗ್ಗವಿದ್ದಾಗ ಕೊಳ್ಳದೆ ಬಿಟ್ಟವನ ಸಂಕಟವಿರುತ್ತದೆ.

ಕೊನೆಯ ಅಸ್ತ್ರ ಹರಿಯಾಣದ್ದು. 2024ರಲ್ಲಿ ಆ ತಂಡ 2 ಕೋಟಿ 7 ಲಕ್ಷ ಕೊಟ್ಟು ಇರಾನಿನ ಶಾದ್ಲೂಯಿಯನ್ನು ತಂದಿತು. ಅವನು ಹಿಡಿಯುವವನು, ಎಡಗಾರ್ನರು. ಪುಣೆಯಲ್ಲಿ ನಡೆದ ಫೈನಲ್ಲಿನಲ್ಲಿ ಎದುರಿಗೆ ಪಾಟ್ನಾ, ಅವರ ಬಳಿ ಆ ಹಂಗಾಮಿನಲ್ಲಿ 300ಕ್ಕೂ ಹೆಚ್ಚು ಪಾಯಿಂಟ್ ತಂದ ದೇವಾಂಕ ದಲಾಲ. ಗೆದ್ದದ್ದು ಹರಿಯಾಣ, 32-23. ಆ ರಾತ್ರಿ ಕಾಕಾ ಅಂಗಡಿಗೆ ಬಂದವರಿಗೆಲ್ಲ ಪೇಢೆ ಹಂಚಿದರು. ಹರಿಯಾಣಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ. ಎಡಗಾರ್ನರಿಗೆ ಎಡಗಾರ್ನರೇ ಬಂಧು.

ಹಾಗೆ ನೋಡಿದರೆ ನಮ್ಮವರಿಗೆ ಯಾವ ತಂಡ ಸ್ವಂತದ್ದು ಎಂಬುದೇ ಇತ್ಯರ್ಥವಾಗಿಲ್ಲ. ಮನೆಮಾತು ಬೆಂಗಳೂರು ಬುಲ್ಸ್‌ದು, ರೇಷನ್ ಕಾರ್ಡು ಪುಣೇರಿ ಪಲ್ಟನ್‌ದು. ಎರಡೂ ಎದುರಾದ ದಿನ ಒಂದೇ ಮನೆಯಲ್ಲಿ ಅಪ್ಪ ಬುಲ್ಸ್, ಮಗ ಪಲ್ಟನ್. ಅವ್ವ ಮಾತ್ರ ಧಾರಾವಾಹಿ. ನಾವೂ ಒಂದು ರೀತಿಯಲ್ಲಿ ಲಿಲಾವಿಗೆ ನಿಂತವರೇ ಅಲ್ಲವೇ? 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲ್ಲೂಕಿನ 40 ಹಳ್ಳಿಗಳ ಮಾತೆತ್ತಿ ಕರ್ನಾಟಕದ ಕಡೆಯಿಂದ ಒಂದು ಕೂಗು ಹಾಕಿದರು. ತುಬಚಿ-ಬಬಲೇಶ್ವರ ಯೋಜನೆಯ ನೀರೂ ಗಡಿ ದಾಟಿ ಬಂತು. ಇತ್ತ ಮಹಾರಾಷ್ಟ್ರ ಸರಕಾರ ಧಡಕ್ಕನೆ ಎಚ್ಚೆತ್ತು ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಯ ಕಡತ ಹೊರತೆಗೆಯಿತು. ಪ್ರೊ ಕಬಡ್ಡಿಯಲ್ಲಿ ಇದಕ್ಕೊಂದು ನಿಯಮವೇ ಇದೆ. ಬೇರೆಯವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಹಳೆಯ ತಂಡ ತನ್ನ ಆಟಗಾರನನ್ನು ಉಳಿಸಿಕೊಳ್ಳಬಹುದು, ಫೈನಲ್ ಬಿಡ್ ಮ್ಯಾಚ್ ಕಾರ್ಡು. ನಮ್ಮ ಮೇಲೆ ಆ ಕಾರ್ಡು ಎತ್ತಿದರು ಎಂದು ಹುಡುಗರು ಹೇಳುತ್ತಾರೆ. ಆಟಗಾರನಿಗೆ ಸಂಬಳ ಯಾವಾಗ ಬರುತ್ತದೆ ಎಂಬುದು ಬೇರೆ ಮಾತು.

ಅಮೆರಿಕದಲ್ಲೂ ಇದೇ ಜಗಳವಂತೆ. ಅಲ್ಲಿರುವ ನನ್ನ ಸೋದರಳಿಯ ಒಮ್ಮೆ ಫೋನಿನಲ್ಲಿ ವಿವರಿಸಿದ. ಅವರ ಫುಟ್‌ಬಾಲನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ, ಅದನ್ನು ಬಿಡೋಣ. ದೂರ ಓಡಿಹೋಗಿ ಚೆಂಡು ಹಿಡಿಯುವ ಚುರುಕು ಹುಡುಗನಿಗೆ ವೈಡ್ ರಿಸೀವರ್ ಎನ್ನುತ್ತಾರೆ. ನೋಡಲು ಅವನೇ ಚಂದ. ಅವನನ್ನು ಮೊದಲೇ ಆರಿಸಬೇಕೋ, ಗೋಡೆಯ ಹಾಗೆ ನಿಂತು ತಡೆಯುವ ದಪ್ಪನೆಯ ಹುಡುಗರನ್ನು ಮೊದಲು ತರಬೇಕೋ ಎಂದು ಪ್ರತಿ ವರ್ಷ ತಲೆ ಒಡೆದುಕೊಳ್ಳುತ್ತಾರೆ. ಡೆಟ್ರಾಯಿಟ್ ಲಯನ್ಸ್ ಎಂಬ ತಂಡ 2003, 2004, 2005, ಮೂರು ವರ್ಷ ಸಾಲಾಗಿ ಮೊದಲ ಸುತ್ತಿನಲ್ಲಿ ಇಂಥ ರಿಸೀವರರನ್ನೇ ಆರಿಸಿ ಸೋಲುತ್ತಲೇ ಹೋಯಿತು. 2007ರಲ್ಲಿ ಮತ್ತೊಬ್ಬ, ಕ್ಯಾಲ್ವಿನ್ ಜಾನ್ಸನ್. ಅವನು ನಿಜಕ್ಕೂ ಅಸಾಧಾರಣ ಆಟಗಾರ. ಆದರೂ ಅವನಿದ್ದಷ್ಟು ಕಾಲ ತಂಡ ಒಂದೇ ಒಂದು ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. ಇದನ್ನು ಕಟ್ಟೆಯ ಮೇಲೆ ಅನುವಾದಿಸಿ ಹೇಳಿದಾಗ ಕಾಕಾ ಡೆಟ್ರಾಯಿಟ್ ಎಲ್ಲಿದೆಯೆಂದು ಕೇಳಲಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಅಲ್ಲಿ ರೊಕ್ಕದ ಕೂಗಿಲ್ಲ, ಸರತಿ ಇದೆ, ಮತ್ತು ಹಿಂದಿನ ವರ್ಷ ಎಲ್ಲಕ್ಕಿಂತ ಕೆಟ್ಟದಾಗಿ ಸೋತವರಿಗೆ ಮೊದಲ ಸರತಿ.

"ಸೋತವರಿಗೆ ಮೊದಲು?" ಎಂದು ಎರಡು ಸಲ ಕೇಳಿದರು. "ಈ ಕಾಯ್ದೆ ಇಲ್ಲಿ ಇದ್ದಿದ್ರ ಕೃಷ್ಣಾ ನೀರು ಮೊದಲ ಜತ್ತಕ್ಕ ಬಂದು ಆಮ್ಯಾಲ ಮಿರಜಿಗೆ ಹೋಗ್ತಿತ್ತು."

ಈ ಗದ್ದಲದಲ್ಲಿ ಯಾವ ಪಕ್ಷಕ್ಕೂ ಸೇರದವರು ಒಬ್ಬರಿದ್ದಾರೆ, ಗೌಡರ ಮನೆಯ ಮುತ್ಯಾ. ಅವರಿಗೆ ಕಬಡ್ಡಿ ತಿಳಿಯದು, ಖಿಲಾರಿ ಎತ್ತು ತಿಳಿಯುತ್ತದೆ. ಮಾರ್ಗಶಿರದಲ್ಲಿ ಜತ್ತದ ಯಲ್ಲಮ್ಮನ ಜಾತ್ರೆಗೆ ಎತ್ತಿನ ಪೇಟೆ ನೆರೆಯುತ್ತಿತ್ತಲ್ಲ, ಬಯಲ ತುಂಬ ಬಿಳಿ ಬೆನ್ನುಗಳು, ಬಾಗಿದ ಕೊಂಬುಗಳಿಗೆ ಗೊಂಡೆ, ದಲಾಲರು ಟವೆಲಿನೊಳಗೆ ಬೆರಳು ಹಿಡಿದು ಸದ್ದಿಲ್ಲದೆ ಬೆಲೆ ಕಟ್ಟುವುದು. ಅಲ್ಲಿ ಹರೆಯದ ಮುತ್ಯಾ ಒಂದು ಎತ್ತಿಗೆ ಮನಸೋತರು. ಮೊದಲ ದಿನವೇ, ಪೇಟೆ ಪೂರಾ ತಿರುಗುವುದಕ್ಕೂ ಮುಂಚೆ, ಸೊಂಟದಲ್ಲಿದ್ದ ಗಂಟೆಲ್ಲ ಬಿಚ್ಚಿ ಕೊಂಡರು. ಜೋಡಿಗೆ ರೊಕ್ಕ ಉಳಿಯಲಿಲ್ಲ. ಮನೆಯ ಮುದಿ ಎತ್ತಿನ ಜತೆ ಹೂಡಿದರು. ಹೊಸದು ಹಾರಿ ಮುಂದೆ, ಹಳೆಯದು ಏದುತ್ತ ಹಿಂದೆ. ನೊಗ ಓರೆ, ಸಾಲು ಡೊಂಕು. "ಆ ವರ್ಷ ನಮ್ಮ ಜ್ವಾಳ ಎಲ್ಲಾ ಬಲಕ್ಕ ತಿರುಗಿ ಬೆಳೀತು" ಎನ್ನುತ್ತಾರೆ. ಹುಡುಗರು ನಗುತ್ತಾರೆ. ನಾನು ಕೇಳಿದೆ, ಹಾಗಾದರೆ ಕೊಳ್ಳಬಾರದಿತ್ತೇ? ಮುತ್ಯಾ ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. "ಕೊಳ್ಳದ ಹ್ಯಾಂಗ ಬಿಡೂದು? ನೀ ಆ ಎತ್ತ ನೋಡಿಲ್ಲ."

ಈಗ ಅವರ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಇದೆ. ಸಾಲು ನೆಟ್ಟಗಿದೆ.

ಕಳೆದ ಲಿಲಾವಿನಲ್ಲಿ ನಮ್ಮ ಓಣಿಯ ತಂಡ ಕಾಕಾನ ಮಾತು ಮೀರಿತು. ತೋಟದ ವಸ್ತಿಯ ಒಬ್ಬ ಹುಡುಗನಿದ್ದಾನೆ, ಹೆಸರು ಬೇಡ. ಗಟ್ಟಿ ಮುರುಮಿನ ನೆಲದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. ಕಾಲು ಚಾಚಿ ಬೋನಸ್ ಗೆರೆ ದಾಟುವಾಗ ಅವನ ಇನ್ನೊಂದು ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂದು ಅಂಪೈರರೂ ನನ್ನ ಕಡೆ ನೋಡುತ್ತಾರೆ. ಅವನ ಹೆಸರು ಬಂದ ಕೂಡಲೇ ಹುಡುಗರು ಮಾಲಕರ ಕೈ ಎತ್ತಿ ಹಿಡಿದವರು ಇಳಿಸಲು ಬಿಡಲಿಲ್ಲ. ಗುಡ್ಡಾಪುರ ದಾನಮ್ಮನ ಆಣೆ ಹಾಕಿ ಕೂಗಿದರು. ಆರು ಸಾವಿರ ಪಾಯಿಂಟಿಗೆ ಗಂಟೆ ಬಾರಿಸಿದೆ. ಉಳಿದ ನಾಲ್ಕು ಸಾವಿರದಲ್ಲಿ ಬಂದದ್ದು ಕೆಲವು ಕಾಲೇಜು ಹುಡುಗರು, ಒಬ್ಬ ಟೆಂಪೋ ಡ್ರೈವರ್, ಮತ್ತು ಹಿಡಿಯಲಿಕ್ಕೆಂದು ದಪ್ಪಗಿದ್ದಾನೆ ಎಂಬ ಒಂದೇ ಅರ್ಹತೆಯ ಹಾಲಿನ ಡೇರಿಯವನು. ಕಾಕಾ ಎದ್ದು ಅಂಗಡಿಗೆ ಹೋದರು. ಹುಡುಗರು ಅಂಗಳಕ್ಕೆ ಟ್ಯಾಂಕರ್ ನೀರು ಹೊಡೆಸಿ, ಕುಡಿಯುವ ನೀರಿಗೆ ನಿಂತಿದ್ದ ಹೆಂಗಸರಿಂದ ತಕ್ಕ ಮಂಗಳಾರತಿ ಮಾಡಿಸಿಕೊಂಡರು.

ಪಂದ್ಯಗಳು ಶುರುವಾಗುವ ಹೊತ್ತಿಗೆ ಆ ಹುಡುಗ ಊರಲ್ಲಿರಲಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಲಿಲಾವು ನಡೆಯುತ್ತದೆ, ಮೈಕಿಲ್ಲದೆ, ಗಂಟೆಯಿಲ್ಲದೆ. ಮುಂಗಾರು ಕೈಕೊಟ್ಟ ಸುಳಿವು ಸಿಕ್ಕಿದ ಕೂಡಲೇ ಕಬ್ಬು ಕಡಿಯುವ ಟೋಳಿಯ ಮುಕಾದಮರು ಮನೆಮನೆಗೆ ಬಂದು ಉಚಲ ಕೊಡುತ್ತಾರೆ, ಮುಂಗಡ. ಅದು ಮಗಳ ಮದುವೆಗೋ ಆಸ್ಪತ್ರೆಗೋ ಕರಗಿಹೋಗುತ್ತದೆ. ದಸರೆ ದಾಟಿ ಕಾರಖಾನೆಯ ಚಿಮಣಿ ಹೊಗೆಯಾಡುವ ಕಾಲಕ್ಕೆ ಟ್ರ್ಯಾಕ್ಟರ್ ಬಂದು ನಿಲ್ಲುತ್ತದೆ. ಪಾತ್ರೆ, ಕೋಳಿ, ಕೂಸು ಸಮೇತ ಹತ್ತಿಕೊಂಡು ಹೋದವರು ಬರುವುದು ಹೋಳಿಯ ಹೊತ್ತಿಗೆ. ನಮ್ಮ ಹುಡುಗನನ್ನು ನಾವು ಆಶ್ವಿನದಲ್ಲಿ ಕೊಂಡೆವು; ಮುಕಾದಮ ಆಷಾಢದಲ್ಲೇ ಕೊಂಡಿದ್ದ. ನಮ್ಮ ಆರು ಸಾವಿರ ಪಾಯಿಂಟಿನ ಎದುರು ಅವನದು ನಿಜವಾದ ರೊಕ್ಕ.

ಡೇರಿಯವನು, ಹೇಳಲೇಬೇಕು, ಚೆನ್ನಾಗಿ ಹಿಡಿದ. ಒಂದು ಪಂದ್ಯವನ್ನು ಅವನೊಬ್ಬನೇ ಕುಳಿತು ಗೆದ್ದುಕೊಟ್ಟ ಎನ್ನಬಹುದು, ಎದುರಿನ ರೇಡರನ ಮೇಲೆ ಕುಳಿತು. ಉಳಿದವು ಸೋತೆವು.

ಹೋಳಿಗೆ ಟೋಳಿ ವಾಪಸು ಬಂದಾಗ ಹುಡುಗರು ಮುಕಾದಮನನ್ನೇ ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ಮುಂದಿನ ವರ್ಷ ಆ ಹುಡುಗನನ್ನು ಒಂದು ತಿಂಗಳು ತಡವಾಗಿ ಕರೆದೊಯ್ಯಬೇಕು, ಬೇಕಾದರೆ ಉಚಲದಲ್ಲಿ ಸ್ವಲ್ಪ ಭಾಗ ತಂಡವೇ ಹೊರುತ್ತದೆ ಎಂದು ಪ್ರಸ್ತಾಪ. ಮಾಲಕರು ದಾಳಿಂಬೆಯ ದರ ನೆನಪಿಸಿಕೊಂಡು ಆಕಾಶ ನೋಡಿದರು. ಮುಕಾದಮ ಬಸಿಯಲ್ಲಿ ಚಹಾ ಸುರಿದುಕೊಂಡು ಎಲ್ಲವನ್ನೂ ಕೇಳಿದ. ಅವನ ಲೆಕ್ಕದಲ್ಲಿ ಒಬ್ಬೊಬ್ಬರ ವ್ಯವಹಾರವಿಲ್ಲ. ಗಂಡ-ಹೆಂಡತಿ ಸೇರಿ ಒಂದು ಕೊಯತಾ, ಅಂದರೆ ಒಂದು ಕುಡುಗೋಲು; ಉಚಲವೂ ಜೋಡಿಗೇ.

"ತಿಂಗಳ ಯಾಕ, ಅಂವನ್ನ ಪೂರಾ ಇಟ್ಕೋರಿ" ಅಂದ ಮುಕಾದಮ. "ಅಂವ ಕಬ್ಬಿನ ಮೊಳಿಗಿ ಕಟ್ಟೂ ಮುಂದ ಸುದ್ದಾ ಕಬಡ್ಡಿ ಕಬಡ್ಡಿ ಅಂತಾನ. ನಾ ಉಚಲ ಕೊಟ್ಟಿದ್ದು ಅಕಿನ್ನ ನೋಡಿ."