ಬಿಳಿಯ ಕಾಗೆಯೂ ಕಾಗೆಯೇ

ಕಣ್ಣಿಗೆ ಹೊಸದಾಗಿ ಕಂಡದ್ದನ್ನೆಲ್ಲ ಅಪರೂಪವೆಂದು ಭಾವಿಸುವುದು ಮನುಷ್ಯನ ಸಹಜ ಸ್ವಭಾವ. ಆದರೆ ಹಕ್ಕಿಗಳ ವಿಷಯದಲ್ಲಿ ಈ ಸ್ವಭಾವವು ಕೆಲವೊಮ್ಮೆ ಒಂದು ಬಡಜೀವದ ಪ್ರಾಣಕ್ಕೇ ಎರವಾಗುತ್ತದೆ. ನಿತ್ಯ ನೋಡುವ ಹಕ್ಕಿಯೇ ಬೇರೆ ಬಣ್ಣದಲ್ಲಿ ಎದುರಾದಾಗ ಅದನ್ನು ಗುರುತಿಸುವ ಬಗೆಯನ್ನು ನಮ್ಮ ಮನೆಗಳ ಹಿರಿಯರೂ ಮಕ್ಕಳೂ ಅರಿತಿರುವುದು ಲೇಸು.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಒಂದು ಬಿಳಿಯ ಹಕ್ಕಿಯನ್ನು ಕಾಣಲು ಜನ ನೆರೆದಿದ್ದರು. ನಾವೂ ಮಕ್ಕಳೊಡನೆ ಹೋಗಿದ್ದೆವು. ಶುಭಶಕುನವೆಂದು ಕೆಲವರು, ಊರಿಗೆ ಕೇಡೆಂದು ಕೆಲವರು ಹೇಳುತ್ತಿದ್ದರು. ವಯಸ್ಸಾದ ತಾಯಿಯೊಬ್ಬರು, “ಯಪ್ಪಾ, ಇದು ಕಾಗಿಬಿ ಅಲ್ಲ, ಕೊಕ್ಕರಿಬಿ ಅಲ್ಲ, ಎರಡೂ ಕೂಡಿ ಹುಟ್ಟಿದ್ದು ಅದ” ಎಂದರು. ಅಷ್ಟರಲ್ಲಿ ಒಬ್ಬಾತ ಇದಕ್ಕೆ ಒಳ್ಳೆಯ ಬೆಲೆ ಬರುವುದೆಂದು ಬಲೆಯನ್ನೇ ತಂದಿದ್ದ.

ನಾವು ಮಕ್ಕಳಿಗೆ ಬಣ್ಣವನ್ನು ಮರೆತು ನೋಡಿರೆಂದೆವು. ದಪ್ಪ ಕೊಕ್ಕು ಕಾಗೆಯದು. ಕುಪ್ಪಳಿಸುವ ನಡಿಗೆ ಕಾಗೆಯದು. ಬಾಯಿ ತೆರೆದರೆ ‘ಕಾ ಕಾ’ ಎಂಬ ಕೂಗೂ ಕಾಗೆಯದೇ. ಸುತ್ತಲಿದ್ದ ಸಂಗಡಿಗರೆಲ್ಲರೂ ಬೂದುಗೊರಳಿನ ಊರಕಾಗೆಗಳು. ಅವು ನಡುನಡುವೆ ಇದನ್ನು ಕುಕ್ಕಿ ಓಡಿಸುತ್ತಿದ್ದವು. ಕೊಕ್ಕರೆಯ ಉದ್ದ ಕಾಲಾಗಲಿ, ನೀಳ ಕೊರಳಾಗಲಿ ಅದಕ್ಕಿರಲಿಲ್ಲ. ಇದು ಬರಿಯ ಕಾಗೆಯೆಂದು ಮಕ್ಕಳೇ ಕೂಗಿ ಹೇಳಿದಾಗ ಬಲೆಯವನು ಸುಮ್ಮನೆ ಹಿಂದಿರುಗಿದನು.

ಗರಿಗಳಿಗೆ ಕಪ್ಪು, ಕಂದು ಬಣ್ಣಗಳನ್ನು ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಹುಟ್ಟಿನಿಂದಲೇ ಅದು ಸ್ವಲ್ಪವೂ ಇಲ್ಲದಿದ್ದರೆ ಹಕ್ಕಿಯ ಕಣ್ಣೂ ಕೆಂಪಾಗಿರುತ್ತದೆ. ದೃಷ್ಟಿ ಮಂದವಾಗಿ ಅದು ಬಹುಕಾಲ ಬದುಕುವುದು ವಿರಳ. ಗರಿಗಳಲ್ಲಿ ಮಾತ್ರ ಬಣ್ಣ ಕೊರತೆಯಾದರೆ ಮೈ ಬೆಳ್ಳಗಾದರೂ ಕಣ್ಣು ಕಪ್ಪಾಗಿಯೇ ಉಳಿಯುತ್ತದೆ. ನಾವು ಕಂಡ ಕಾಗೆಯ ಕಣ್ಣು ಕಪ್ಪಾಗಿತ್ತು. ಇನ್ನು ಮಿಶ್ರತಳಿಯ ಮಾತು. ಕುದುರೆ ಮತ್ತು ಕತ್ತೆಗಳಿಂದ ಹೇಸರಗತ್ತೆ ಹುಟ್ಟುವಂತೆ, ಹಕ್ಕಿಗಳಲ್ಲಿಯೂ ಮಿಶ್ರಸಂತಾನವು ಹತ್ತಿರದ ಬಂಧುಗಳ ನಡುವೆ ಮಾತ್ರ ಸಾಧ್ಯ. ಬಾತುಗಳಲ್ಲಿ ಇದು ಆಗಾಗ ಕಾಣಬರುತ್ತದೆ. ಕಾಗೆ ಮತ್ತು ಕೊಕ್ಕರೆಗಳು ಬಹುದೂರದ ಕುಲದವು. ಕಾಗೆಯು ಬೇರೊಂದು ಮರಿಗೆ ಗುಟುಕು ಕೊಡುವುದನ್ನು ಕಂಡು ಅದನ್ನು ಬೆರಕೆ ಎನ್ನುವುದೂ ಸಲ್ಲದು. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋದ ಕೋಗಿಲೆಯ ಮರಿ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ದಾರಿಯ ಹೊಲಗಳಲ್ಲಿಯೂ ಇಂತಹ ವೇಷಾಂತರಗಳು ಹಲವು. ಎತ್ತು ಎಮ್ಮೆಗಳ ಹಿಂದೆ ನಡೆಯುವ ಬೆಳ್ಳಕ್ಕಿಯು ಮುಂಗಾರಿನಲ್ಲಿ ತಲೆ, ಕೊರಳು, ಬೆನ್ನುಗಳಿಗೆ ಕೇಸರಿ ಬಣ್ಣ ತಳೆಯುತ್ತದೆ. ಅದು ಮರಿಮಾಡುವ ಕಾಲದ ಉಡುಗೆ. ಮೈತುಂಬ ಬಿಳಿಯ ಚುಕ್ಕೆಗಳಿರುವ ಕಂದು ಹಕ್ಕಿಯು ಹೆಣ್ಣು ಕೋಗಿಲೆ. ತಲೆ ಬೋಳಾಗಿ ಹಳದಿ ಚರ್ಮ ಕಾಣುವ, ಪುಟ್ಟ ರಣಹದ್ದಿನಂತಿರುವ ಹಕ್ಕಿಯು ಗರಿ ಉದುರಿದ ಗೊರವಂಕ. ಸಾಮಾನ್ಯವಾಗಿ ಅದಕ್ಕೆ ಮತ್ತೆ ಗರಿ ಮೂಡುತ್ತದೆ. ಸಂತೆಯಲ್ಲಿ ಮಾರುವ ಗುಲಾಬಿ, ಹಸಿರು ಕೋಳಿಮರಿಗಳಂತೂ ಮನುಷ್ಯನೇ ಬಣ್ಣದಲ್ಲಿ ಅದ್ದಿದವು.

ಹಾಗೆಂದು ವಿಚಿತ್ರವಾದುದೆಲ್ಲ ಸಾಮಾನ್ಯವೆಂದು ತಳ್ಳಿಹಾಕುವುದೂ ತರವಲ್ಲ. ಪಕ್ಷಿತಜ್ಞ ಸಲೀಂ ಅಲಿ (1896–1987) ಅವರು ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅವರು ಅದನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡರು ಅದು ಮನೆಗುಬ್ಬಿಯಲ್ಲ, ಬೇರೆಯೇ ಜಾತಿಯೆಂದು ತಿಳಿಸಿ, ಸಂಗ್ರಹದಲ್ಲಿದ್ದ ಅಂತಹವೇ ಹಕ್ಕಿಗಳನ್ನು ತೋರಿಸಿದರು. ಆ ಒಂದು ಪ್ರಶ್ನೆಯೇ ಅವರ ಜೀವನದ ದಾರಿಯಾಯಿತು.

ಇದರಲ್ಲಿಯೇ ಗುರುತಿಸುವ ಸೂತ್ರವೂ ಅಡಗಿದೆ. ಬೇರೆ ಜಾತಿಯ ಗುರುತು ಒಂದೇ ಹಕ್ಕಿಗೆ ಮೀಸಲಲ್ಲ. ಆ ಜಾತಿಯ ಇತರ ಹಕ್ಕಿಗಳಲ್ಲಿಯೂ ಅದೇ ಸ್ಥಳದಲ್ಲಿ, ಎಡಬಲಗಳಲ್ಲಿ ಸಮವಾಗಿ ಕಾಣುತ್ತದೆ. ಬಣ್ಣದ ಕೊರತೆಯು ಬಹುಮಟ್ಟಿಗೆ ಒಂಟಿ ಹಕ್ಕಿಯದು. ಒಂದು ರೆಕ್ಕೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವುದೂ ಉಂಟು. ಆದುದರಿಂದ ಆಕಾರ, ಕೊಕ್ಕು, ಕೂಗು, ನಡಿಗೆ, ಸಂಗಡಿಗರು ಇವನ್ನು ಮೊದಲು ನೋಡಬೇಕು; ಬಳಿಕ ಋತುವನ್ನೂ ವಯಸ್ಸನ್ನೂ ಯೋಚಿಸಬೇಕು; ಬಣ್ಣವನ್ನು ಕಡೆಗೆ ಕೇಳಬೇಕು.

ತ್ರಿಪುರಾಂತ ಕೆರೆಯ ಆ ಕಾಗೆಯನ್ನು ನಾವು ಆ ಬಳಿಕ ಎರಡು ಬಾರಿ ಕಂಡೆವು, ಮತ್ತೆ ಕಾಣಲಿಲ್ಲ. ಬಿಳಿಯ ಮೈ ಗಿಡುಗದ ಕಣ್ಣಿಗೂ ಬೇಗ ಬೀಳುತ್ತದೆ, ತನ್ನ ಬಳಗದ ಕಣ್ಣಿಗೂ ಬೀಳುತ್ತದೆ. ಹುಟ್ಟಿನಿಂದಲೇ ಇಷ್ಟು ಕಷ್ಟ ಹೊತ್ತು ಬಂದ ಜೀವಕ್ಕೆ ನಮ್ಮ ಬಲೆ, ನಮ್ಮ ಕಲ್ಲು, ನಮ್ಮ ಶಕುನದ ಭಯ ಇವೂ ಸೇರಬೇಕೇ? ಮುಂದೆ ಮಕ್ಕಳು ಓಡಿಬಂದು ವಿಚಿತ್ರ ಹಕ್ಕಿ ಬಂದಿದೆಯೆಂದು ಕರೆದರೆ ಹಿರಿಯರು ಬೇಸರಿಸದೆ ಎದ್ದು ಹೋಗಲಿ. ದೂರದಲ್ಲಿ ನಿಂತು, ಅದರ ಕೂಗನ್ನು ಕೇಳುವವರೆಗಾದರೂ ಕಾಯಲಿ.