ಕುಣಿಕೆ ಹೆಚ್ಚಿಸುವುದು

"ಈ ಸಂಚಿಕೆಗೆ ಏನು ಬರೀತಿ?" ಎಂದು ಸಂಘದ ಗೆಳತಿ ಕೇಳಿದಾಗ "ಸ್ವೆಟರಿನ ತೋಳು" ಎಂದೆ. ನಕ್ಕಳು. ನಗಲಿ. ಹೈದರಾಬಾದಿಗೆ ಬಂದು ಕಲಿತದ್ದರಲ್ಲಿ ಪರೀಕ್ಷೆಗೆ ಬಾರದಿದ್ದರೂ ಬದುಕಿಗೆ ಬಂದ ವಿದ್ಯೆ ಅದೊಂದೇ.

ಕಾಚಿಗುಡದಲ್ಲಿ ನಾನಿರುವ ಮನೆಯ ಒಡತಿಯನ್ನು ನಾವೆಲ್ಲ ಖಾಲಾ ಎನ್ನುತ್ತೇವೆ. ಮಧ್ಯಾಹ್ನದ ನಮಾಜು ಮುಗಿಸಿ ಉಣ್ಣೆಯ ಉಂಡೆ ಹಿಡಿದು ಕೂತರೆ, ಸಂಜೆಯ ಚಹಾದವರೆಗೆ ಕಡ್ಡಿಗಳ ಟಕಟಕ ಸದ್ದು. ಸೀದಾ, ಉಲ್ಟಾ ಎರಡನ್ನೂ ಅವರೇ ಕಲಿಸಿದರು. ನಾವು ಕುಣಿಕೆ ಎನ್ನುವುದು ಅವರಿಗೆ ಫಂದಾ.

ಹೋದ ಚಳಿಗಾಲ ತಮ್ಮನಿಗೊಂದು ಸ್ವೆಟರ್ ಹೆಣೆಯಲು ಹಿಡಿದೆ. ನಮ್ಮೂರು ಬೀದರಿನ ಹತ್ತಿರ. ಅಲ್ಲಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ನಾನು ಇಷ್ಟು ದೂರ ಬಂದು ಓದುವುದು ಅಪ್ಪನಿಗೆ ಒಪ್ಪಿಗೆಯಿರಲಿಲ್ಲ. ಬಸ್ಸು ಹತ್ತಿದ ದಿನ ಬೆನ್ನು ತಿರುಗಿಸಿ ನಿಂತವರು ಫೋನಿಗೂ ಬಂದಿರಲಿಲ್ಲ.

ಮುಂಭಾಗ, ಹಿಂಭಾಗ ಸಡಿಲವಾಗಿಯೇ ಆದವು. ತೋಳಿನಲ್ಲಿ ಎಡವಿದೆ. ತಮ್ಮನ ಸಣ್ಣ ಕೈ ನೆನೆದು 40 ಕುಣಿಕೆ ಹಾಕಿ, ನಾಲ್ಕು ಅಂಗುಲ ನೆಟ್ಟಗೆ ಹೆಣೆದಿದ್ದೆ. ಫೋನಿನಲ್ಲಿ ಅವ್ವ, "ಯಾರ ಅಳತಿ ಹಿಡದೀಯವ್ವ? ಅವ ಈಗ ನನ್ನ ಭುಜಕ್ ಬಂದಾನ" ಅಂದಳು. ನನ್ನ ಲೆಕ್ಕದಲ್ಲಿ ಅವನು ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದ!

ಎಲ್ಲ ಬಿಚ್ಚಲು ಕಡ್ಡಿ ಎಳೆಯುತ್ತಿದ್ದಾಗ ಖಾಲಾ ಕೈ ಹಿಡಿದರು. "ಉಧೇಡೋ ನಕ್ಕೊ ಬೇಟಾ, ಫಂದಾ ಬಢಾವ್." ಬಿಚ್ಚಬೇಡ ಮಗಳೆ, ಕುಣಿಕೆ ಹೆಚ್ಚಿಸು.

ಕೆಲಸ ಸುಲಭ. ಎರಡು ಕುಣಿಕೆಗಳ ನಡುವೆ ಒಂದು ಎಳೆ ಅಡ್ಡ ಬಿದ್ದಿರುತ್ತದೆ. ಎಡಗೈ ಕಡ್ಡಿಯ ತುದಿಯಿಂದ ಅದನ್ನು ಮುಂದಿನಿಂದ ಹಿಂದಕ್ಕೆ ಎತ್ತಿಕೊಳ್ಳಬೇಕು. ಆಮೇಲೆ ಅದರ ಹಿಂಬದಿಯ ಎಳೆಗೆ ಬಲಗೈ ಕಡ್ಡಿ ತೂರಿಸಿ ಸೀದಾ ಹೆಣೆಯಬೇಕು. ಆಗ ಎಳೆ ತಿರುಚಿಕೊಂಡು ಬಿಗಿಯಾಗುತ್ತದೆ. ಹಿಂಬದಿ ಬಿಟ್ಟು ಮುಂಬದಿಗೆ ತೂರಿಸಿದರೂ ಕುಣಿಕೆಯೇನೋ ಹೆಚ್ಚುತ್ತದೆ, ಆದರೆ ಕೆಳಗೊಂದು ತೂತು ಉಳಿಯುತ್ತದೆ. ಎರಡೂ ಅಂಚಿನಲ್ಲಿ ಒಂದೊಂದು ಕುಣಿಕೆ ಬಿಟ್ಟು ಒಳಗೆ ಹೆಚ್ಚಿಸಿದರೆ ಕೊನೆಗೆ ತೋಳು ಕೂಡಿಸಿ ಹೊಲಿಯುವುದು ಹಗುರ. ಪ್ರತಿ 4ನೆಯ ಸಾಲಿಗೆ ಆ ಕಡೆ ಒಂದು, ಈ ಕಡೆ ಒಂದು. ಹತ್ತು ಸಲ ಹೀಗೆ ಮಾಡಿದರೆ 40 ಇದ್ದದ್ದು 60.

ನಮ್ಮಪ್ಪ ಕಂಬಳಿ ನೇಯುವವರ ಮನೆಯ ಮಗ. ಕಂಬಳಿಯ ಅಗಲ ಹಾಸು ಹೂಡಿದ ದಿನವೇ ನಿಶ್ಚಯ. ಆಮೇಲೆ ಹೊಕ್ಕು ಎಷ್ಟು ಹಾಕಿದರೂ ಉದ್ದ ಬೆಳೆದೀತೇ ಹೊರತು ಅಗಲ ಬೆಳೆಯದು. ಹೆಣಿಗೆಯ ದಾರಿ ಬೇರೆ. ಅರ್ಧ ದಾರಿಯಲ್ಲಿ ತಪ್ಪು ತಿಳಿದರೂ ಅಲ್ಲಿಂದಲೇ ಅಗಲ ಮಾಡಬಹುದು. ಮಾಡಿದ್ದನ್ನು ಬಿಚ್ಚಬೇಕಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆ. ತಮ್ಮ ಸ್ವೆಟರ್ ತೊಟ್ಟು ಕೈ ಚಾಚಿದ. ತೋಳು ಸರಿಯಾಗಿ ಕೂತಿತ್ತು. ಮೊದಲ ಸಲ ಹೆಚ್ಚಿಸುವಾಗ ಎಳೆ ತಿರುಚಲು ಮರೆತಿದ್ದೆನಲ್ಲ, ಅಲ್ಲಿ ಒಂದು ತೂತು. ಅದರಲ್ಲಿ ಕಿರುಬೆರಳು ತೂರಿಸಿ, "ಅಕ್ಕಾ, ಇದೇನು ಕಿಟಕಿ ಇಟ್ಟೀದಿ?" ಅಂದ.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಅವನನ್ನು ಹತ್ತಿರ ಕರೆದರು. ತೋಳು ಮಗುಚಿ ಒಳಗಿನ ಹೊಲಿಗೆ ನೋಡಿದರು. ಹೆಬ್ಬೆರಳಿನಿಂದ ಮುಂಗೈಯಿಂದ ಭುಜದವರೆಗೆ ಸವರಿದರು.

"ನಡುವ ಅಗಲ ಆಗ್ಯದಲ್ಲ. ಹ್ಯಾಂಗ ಮಾಡ್ದಿ?"

ಒಂದೂವರೆ ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಒಳಗೆ ಹೋಗಿ ಕಡ್ಡಿ, ಉಣ್ಣೆ ತಂದು ಅವರ ಪಕ್ಕದಲ್ಲಿ ಕೂತೆ. ಎರಡು ಕುಣಿಕೆಗಳ ನಡುವಿನ ಎಳೆಯನ್ನು ಎತ್ತಿ ತೋರಿಸಿದೆ.